ಓವನ್ನಿನ ಫ್ಯಾನು, ಊದುಬತ್ತಿಯ ಹೊಗೆ

ಕೇಕು ನಡುವಲ್ಲಿ ಕುಸಿದಿತ್ತು. ಅಂಚು ನೆಟ್ಟಗೆ ನಿಂತಿದೆ, ಮಧ್ಯದಲ್ಲಿ ಮಾತ್ರ ಮದಕದ ಹಾಗೆ ತಗ್ಗು. ಕಡ್ಡಿ ಚುಚ್ಚಿದರೆ ಹಸಿ ಹಿಟ್ಟು ಅಂಟಿಕೊಂಡು ಬಂತು. ಮರುದಿನ ಪಕ್ಕದ ಮನೆಯ ಮಗುವಿನ ಹುಟ್ಟುಹಬ್ಬ. ಹೆಂಡತಿ ಸಿಟ್ಟು ಮಾಡಲಿಲ್ಲ. ತಟ್ಟೆಯನ್ನು ತಂದು ನನ್ನ ಮುಂದಿಟ್ಟು, "ಇದು ನನ್ನ ಕೈಯ ತಪ್ಪಲ್ಲ, ನಿಮ್ಮ ಓವನ್ನಿಗೆ ಎಂತದೋ ಆಗಿದೆ" ಅಂದಳು. ಕೆಟ್ಟಾಗ ಅದು ನನ್ನ ಓವನ್. ಸರಿ ಇದ್ದಾಗ ಅವಳದ್ದು.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಅಡಿಕೆ ತೋಟದ ಮೇಲಿನ ದಿಬ್ಬದಲ್ಲಿ. ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಏಪ್ರಿಲ್ ತಿಂಗಳು, ಶಾಲೆಗೆ ರಜೆ. ಹಾಗಾಗಿ ರಿಪೇರಿಯವನನ್ನು ಕರೆಯುವ ಮಾತೇ ಬರಲಿಲ್ಲ. ಏನೇನು ಮಾಡಿದೆ ಅಂತ ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಟ್ಟಿದ್ದೆ. ಅದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಹಾಕುತ್ತಿದ್ದೇನೆ. ದಡ್ಡತನ ಮಾಡಿದ್ದನ್ನೂ ಬಿಟ್ಟಿಲ್ಲ.

ಮೊದಲು ಯಂತ್ರದ ಪರಿಚಯ. ಏಳು ವರ್ಷದ ಹಿಂದೆ ಭಾವ ದುಬೈ ಬಿಟ್ಟು ಊರಿಗೆ ಬಂದಾಗ ಸಾಮಾನಿನ ಜೊತೆ ತಂದ ಓವನ್ ಇದು. ಮೇಜಿನ ಮೇಲೆ ಇಡುವ ಚಿಕ್ಕದಲ್ಲ, ಅಡುಗೆಮನೆಯ ಕಪಾಟಿನೊಳಗೆ ಕೂರಿಸುವಂಥದ್ದು. ದುಬೈಯಲ್ಲೂ ನಮ್ಮ ಹಾಗೆ 50 ಹರ್ಟ್ಸ್ ಕರೆಂಟು, ಆದ್ದರಿಂದ ಹೊಂದಾಣಿಕೆಯ ತೊಂದರೆ ಇಲ್ಲ. ಸೌದಿಯಿಂದ ತಂದದ್ದಾದರೆ ಅಲ್ಲಿ 60 ಹರ್ಟ್ಸ್, ಲೇಬಲ್ ನೋಡಿಯೇ ಇಲ್ಲಿ ಸಿಕ್ಕಿಸಬೇಕು. ಚೌಕ ಕಾಲಿನ ಗಲ್ಫ್ ಪ್ಲಗ್ ತೆಗೆದು 16 ಆಂಪಿಯರಿನ ನಮ್ಮ ದುಂಡು ಕಾಲಿನ ಪ್ಲಗ್ ಹಾಕಿದ್ದೇನೆ. ಒಟ್ಟು 2.7 ಕಿಲೋವ್ಯಾಟ್. 230 ವೋಲ್ಟಿನಲ್ಲಿ ಹನ್ನೆರಡು ಆಂಪಿಯರಿನ ಹತ್ತಿರ ಎಳೆಯುತ್ತದೆ. ಅದಕ್ಕೆ ಬೇರೆಯೇ ವಯರು, ಬೇರೆಯೇ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು).

ಇದರಲ್ಲಿ ಎರಡು ಫ್ಯಾನುಗಳಿವೆ. ಈ ಒಂದು ಸಂಗತಿ ತಲೆಯಲ್ಲಿ ಗಟ್ಟಿಯಾಗಿ ಕೂತಿದ್ದರೆ ನನಗೆ ಹತ್ತು ದಿನ ಉಳಿಯುತ್ತಿತ್ತು. ಒಂದು ಒಳಗೆ, ಹಿಂದಿನ ಗೋಡೆಯಲ್ಲಿ. ಸುತ್ತ ಬಳೆಯಂಥ ಕಾಯಿಲ್, ನಡುವೆ ಫ್ಯಾನು. ಬಿಸಿಗಾಳಿಯನ್ನು ಕೇಕಿನ ಸುತ್ತ ತಿರುಗಿಸುವುದು ಅದರ ಕೆಲಸ. ಇನ್ನೊಂದು ಮೇಲೆ, ತಗಡಿನ ಮುಚ್ಚಳದ ಅಡಿಯಲ್ಲಿ, ಕಣ್ಣಿಗೆ ಕಾಣದ ಕಡೆ. ಅದು ಕಪಾಟಿನ ಗಾಳಿಯನ್ನು ಎಳೆದು, ಸ್ವಿಚ್ಚು ವಯರುಗಳ ಮೇಲಿಂದ ಹಾಯಿಸಿ, ಬಾಗಿಲಿನ ಮೇಲಿರುವ ಸೀಳಿನಿಂದ ಹೊರಗೆ ಊದುತ್ತದೆ. ಕೇಕಿಗೂ ಅದಕ್ಕೂ ಸಂಬಂಧ ಇಲ್ಲ. ಅದು ಓವನ್ನಿನದ್ದೇ ಮೈ ತಣ್ಣಗಿಡಲಿಕ್ಕೆ.

ಮುಂದೆ ಹೋಗುವ ಮೊದಲು ಒಂದು ಮಾತು. ನಮ್ಮೂರಲ್ಲಿ ಓವನ್ ಅಂದರೆ ಮೈಕ್ರೊವೇವ್ ಅಂತ ತಿಳಿಯುವವರೇ ಜಾಸ್ತಿ. ಇದು ಅದಲ್ಲ. ಮೈಕ್ರೊವೇವಿನ ಒಳಗೆ ಎರಡು ಸಾವಿರ ವೋಲ್ಟಿನ ಕೆಪಾಸಿಟರ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಕೊಲ್ಲಬಲ್ಲದು. ಇಲ್ಲಿ ಬರೆದದ್ದನ್ನು ಓದಿ ಅದರ ಮುಚ್ಚಳ ಬಿಚ್ಚಬೇಡಿ.

ಈಗ ರೋಗದ ಲಕ್ಷಣ. 170 ಡಿಗ್ರಿಗೆ ಇಟ್ಟರೆ ಚೆನ್ನಾಗಿ ಬಿಸಿ ಏರುತ್ತದೆ. ಕಾಯಿಲಿಗೆ ಕರೆಂಟು ಹೋಗುವಾಗ ಹಳದಿ ದೀಪ ಉರಿಯುತ್ತದೆ, ಬಿಸಿ ಮುಟ್ಟಿದಾಗ ಆರುತ್ತದೆ. ಇಪ್ಪತ್ತು ಇಪ್ಪತ್ತೈದು ನಿಮಿಷ ಹೀಗೇ. ಆಮೇಲೆ ಹಳದಿ ದೀಪ ಆರಿದ್ದು ಮತ್ತೆ ಹೊತ್ತುವುದೇ ಇಲ್ಲ. ಒಳಗಿನ ಬಲ್ಬು ಉರಿಯುತ್ತಿದೆ, ಫ್ಯಾನಿನ ಸದ್ದೂ ಬರುತ್ತಿದೆ. ನೋಡುವವರಿಗೆ ಎಲ್ಲ ಸರಿ, ಬಿಸಿ ಮುಟ್ಟಿದೆ ಅಷ್ಟೇ ಅಂತ ಅನಿಸುತ್ತದೆ. ಒಳಗೆ ಥರ್ಮಾಮೀಟರ್ ಇಟ್ಟು ನೋಡಿದೆ. 110 ಡಿಗ್ರಿ, ಇನ್ನೂ ಇಳಿಯುತ್ತಾ ಇದೆ. ಗುಂಡಿಯನ್ನು 250ಕ್ಕೆ ತಿರುಗಿಸಿದರೂ ದೀಪ ಹೊತ್ತಲಿಲ್ಲ. ಆಫ್ ಮಾಡಿ ಅರ್ಧ ಗಂಟೆ ಬಿಟ್ಟರೆ ಮತ್ತೆ ಸರಿಯಾಗುತ್ತದೆ.

ಥರ್ಮೋಸ್ಟಾಟ್ ಹೋಗಿದೆ ಅಂತ ತೀರ್ಮಾನಿಸಿಬಿಟ್ಟೆ. ಬಿಸಿ ನೋಡುವುದು ಅದು, ತಪ್ಪಿದ್ದು ಬಿಸಿ, ಇನ್ನೇನು ಬೇಕು? ಮಕ್ಕಳು ಉತ್ತರ ಪತ್ರಿಕೆಯಲ್ಲಿ ಹೀಗೆ ಬರೆದರೆ ಕೆಂಪು ಗೆರೆ ಎಳೆಯುತ್ತೇನೆ.

1,150 ರೂಪಾಯಿ ಕೊಟ್ಟು ಅದೇ ಬಗೆಯದ್ದನ್ನು ತರಿಸಿದೆ. ತಾಮ್ರದ ಕೂದಲಿನಂಥ ನಳಿಗೆ, ತುದಿಯಲ್ಲಿ ಉದ್ದನೆಯ ಬುಡ್ಡಿ. ಒಳಗಿನ ದ್ರವ ಬಿಸಿಗೆ ಹಿಗ್ಗಿ ಸ್ವಿಚ್ಚನ್ನು ತಳ್ಳುವುದು. ಓವನ್ನನ್ನು ಕಪಾಟಿನಿಂದ ಹೊರಗೆಳೆದು ಅಡುಗೆಮನೆಯ ನೆಲದ ಮೇಲೆ ಎರಡು ಮಣೆ ಹಾಕಿ ಕೂರಿಸಿದೆ. ಹೊಸದನ್ನು ಹಾಕಿ, ಮುಚ್ಚಳ ತೆಗೆದೇ ಇಟ್ಟು, ಯಾರೂ ಹತ್ತಿರ ಬಾರದ ಹಾಗೆ ನೋಡಿಕೊಂಡು ಬೆಳಿಗ್ಗೆ ಹತ್ತು ಗಂಟೆಗೆ ಓಡಿಸಿದೆ. ಒಂದು ಗಂಟೆ ಕಾಲ ಗಡಿಯಾರದ ಹಾಗೆ ನಡೆಯಿತು. ಹಳದಿ ದೀಪ ಹೊತ್ತುವುದು, ಆರುವುದು, ಹೊತ್ತುವುದು. "ಆಯ್ತು" ಅಂತ ಘೋಷಿಸಿದೆ. ಭಾವನಿಗೆ ಫೋನೂ ಮಾಡಿದೆ.

ಸಂಜೆ ಕಪಾಟಿನೊಳಗೆ ಕೂರಿಸಿ ಬ್ರೆಡ್ ಹಿಟ್ಟು ಇಟ್ಟೆವು. 24ನೇ ನಿಮಿಷಕ್ಕೆ ದೀಪ ಆರಿತು. ಮತ್ತೆ ಹೊತ್ತಲಿಲ್ಲ.

ಮುಚ್ಚಳ ತೆಗೆದು, ಹೊರಗಿಟ್ಟು, ಬೆಳಿಗ್ಗೆ ಓಡಿಸಿದೆನಲ್ಲ. ಆ ಮೂರೂ ಸೇರಿ ರೋಗವನ್ನು ಮುಚ್ಚಿಟ್ಟಿದ್ದವು. ಅದು ಆಗ ಗೊತ್ತಾಗಲಿಲ್ಲ. ಸುಮ್ನೆ ತಲೆ ಕೆರೆದುಕೊಂಡೆ. ಹಳೆಯ ಥರ್ಮೋಸ್ಟಾಟಿನ ಗುಂಡಿಯನ್ನು ಕಡಿಮೆಗೆ ಇಟ್ಟು, ಬುಡ್ಡಿಯನ್ನು ಕುದಿಯುವ ನೀರಿನಲ್ಲಿ ಅದ್ದಿದೆ. ಟಕ್ ಅಂತ ಬಿಟ್ಟಿತು. ಹೊರಗೆ ತೆಗೆದು ಗಾಳಿಗೆ ಹಿಡಿದೆ. ಟಕ್ ಅಂತ ಕೂಡಿತು. ಏನೂ ಆಗಿರಲಿಲ್ಲ ಅದಕ್ಕೆ.

ಹಾಗಾದರೆ ದಾರಿಯಲ್ಲಿ ಕರೆಂಟು ತಡೆಯುವವರು ಇನ್ನು ಯಾರು? ಮುಚ್ಚಳದ ಒಳಬದಿಗೆ ಅಂಟಿಸಿದ ವಯರಿಂಗ್ ಚಿತ್ರ ನೋಡಿದೆ. ಏಳು ವರ್ಷದ ಬಿಸಿಗೆ ಹಾಳೆ ಹಪ್ಪಳದ ಹಾಗೆ ಆಗಿತ್ತು, ಆದರೂ ಗೆರೆಗಳು ಕಾಣುತ್ತಿದ್ದವು. ಫೇಸು ಬಂದು ಎರಡಾಗುತ್ತದೆ. ಒಂದು ಕವಲು ಬಲ್ಬಿಗೂ ಎರಡೂ ಫ್ಯಾನಿಗೂ. ಇನ್ನೊಂದು ಕವಲು ಒಂದು ಚಿಕ್ಕ ಕಟೌಟಿನ ಮೂಲಕ ಹಾದು, ಆಮೇಲೆ ಥರ್ಮೋಸ್ಟಾಟಿಗೆ, ಆಮೇಲೆ ಕಾಯಿಲುಗಳಿಗೆ ಮತ್ತು ಹಳದಿ ದೀಪಕ್ಕೆ. ಕಟೌಟು ಅಂದರೆ ನಾಲ್ಕಾಣೆ ನಾಣ್ಯದಷ್ಟು ದೊಡ್ಡ ತಗಡಿನ ಗುಂಡಿ, ಎರಡು ಕಾಲು. ಒಳಗೆ ಎರಡು ಲೋಹ ಸೇರಿಸಿದ ತೆಳು ಬಿಲ್ಲೆ. ಮೇಲಿನ ಭಾಗ ಅತಿಯಾಗಿ ಬಿಸಿಯಾದರೆ ಬಿಲ್ಲೆ ಮಗುಚಿ ಕರೆಂಟು ಕಡಿಯುತ್ತದೆ. ತಣಿದರೆ ತಾನೇ ಕೂಡುತ್ತದೆ. ನಮ್ಮದರ ಮೇಲೆ 125 ಅಂತ ಅಚ್ಚು ಇತ್ತು.

ಬಲ್ಬು ಉರಿಯುತ್ತದೆ, ಫ್ಯಾನಿನ ಸದ್ದು ಬರುತ್ತದೆ, ಹಳದಿ ದೀಪ ಹೊತ್ತುವುದಿಲ್ಲ, ಅರ್ಧ ಗಂಟೆಯಲ್ಲಿ ತಾನೇ ಸರಿಯಾಗುತ್ತದೆ. ನಾಲ್ಕೂ ಲಕ್ಷಣ ಆ ಗುಂಡಿಯ ಕಡೆಗೇ ಬೊಟ್ಟು ಮಾಡುತ್ತಿದ್ದವು.

ಕಷ್ಟ ಏನೆಂದರೆ, ಓವನ್ ಹೊರಗೆಳೆದು ಸ್ಕ್ರೂ ಬಿಚ್ಚುವಷ್ಟರಲ್ಲಿ ಗುಂಡಿ ತಣಿದು ಕೂಡಿರುತ್ತದೆ. ಮೀಟರ್ ಇಟ್ಟರೆ ಸೊನ್ನೆ ಓಮ್, ಯಾವ ಕಳಂಕವೂ ಇಲ್ಲ. ಅದಕ್ಕೆ ಬೇರೆ ಉಪಾಯ ಮಾಡಿದೆ. ಪ್ಲಗ್ ಕಿತ್ತು, ಕಟೌಟಿನ ಎರಡು ಕಾಲಿಗೂ ಬಿಸಿ ತಡೆಯುವ ವಯರು ಸಿಕ್ಕಿಸಿ, ಹಿಂದಿನ ಸೀಳಿನಿಂದ ಹೊರಗೆ ತಂದು ಮಲ್ಟಿಮೀಟರಿಗೆ ಕೊಟ್ಟೆ. ಮೀಟರನ್ನು ಎಸಿ 600 ವೋಲ್ಟಿಗೆ ಇಟ್ಟೆ. ಮುಚ್ಚಳ ಹಾಕಿ, ಕಪಾಟಿನೊಳಗೆ ತಳ್ಳಿ, ಆಮೇಲೆ ಪ್ಲಗ್ ಹಾಕಿದೆ. ಕರೆಂಟು ಇದ್ದ ಮೇಲೆ ಯಾವುದಕ್ಕೂ ಕೈ ಹಾಕಲಿಲ್ಲ. ಕಟೌಟು ಕೂಡಿದ್ದರೆ ಅದರ ಎರಡು ಕಾಲಿನ ನಡುವೆ ಸೊನ್ನೆ ವೋಲ್ಟ್. ಕಡಿದರೆ ಪೂರ್ತಿ ವೋಲ್ಟೇಜು ಅಲ್ಲೇ ಕಾಣಬೇಕು.

ಸಂಜೆ 6.10ಕ್ಕೆ ಶುರು. ಸೊನ್ನೆ. 6.20, ಸೊನ್ನೆ. ಚಾ ಕುಡಿದೆ. 6.33ಕ್ಕೆ ಒಮ್ಮೆಗೇ 203.

ಕಟೌಟು ಸಿಕ್ಕಿಬಿತ್ತು. ಅದರ ಜೊತೆಗೆ ಕೇಳದೇ ಇನ್ನೊಂದು ಉತ್ತರವೂ ಸಿಕ್ಕಿತು. ನಮ್ಮ ಮನೆಯಲ್ಲಿ ಸಂಜೆ 203 ವೋಲ್ಟ್ ಮಾತ್ರ ಬರುತ್ತಿದೆ. ಏಪ್ರಿಲಿನಲ್ಲಿ ಎಲ್ಲರ ತೋಟಕ್ಕೂ ನೀರು ಬಿಡುವ ಸಮಯ. ಕಾಯಿಲಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ. 203ಕ್ಕೆ ಅದು ನೂರಕ್ಕೆ 78 ಪಾಲು ಮಾತ್ರ. ಎರಡು ಸಾವಿರ ವ್ಯಾಟಿನ ಕಾಯಿಲ್ ಸಂಜೆ ಒಂದೂವರೆ ಸಾವಿರದ್ದಾಗಿ ಕೆಲಸ ಮಾಡುತ್ತದೆ. ಸಂಜೆ ಮಾಡಿದ ಕೇಕಿಗೆ ಯಾವಾಗಲೂ ಹತ್ತು ನಿಮಿಷ ಜಾಸ್ತಿ ಬೇಕು ಅಂತ ಹೆಂಡತಿ ವರ್ಷದಿಂದ ಹೇಳುತ್ತಿದ್ದಳು. ನಾನು ಪಾಕಪುಸ್ತಕದ ತಪ್ಪು ಅಂದಿದ್ದೆ.

ಈ ಹಂತದಲ್ಲಿ ಇಬ್ಬರು ಮೂವರು ಒಂದೇ ಸಲಹೆ ಕೊಟ್ಟರು. "ಆ ಗುಂಡಿಯನ್ನು ಡೈರೆಕ್ಟ್ ಮಾಡಿಬಿಡಿ ಮಾರಾಯ್ರೆ." ಅಂದರೆ ಎರಡು ಕಾಲನ್ನೂ ವಯರಿನಲ್ಲಿ ಸೇರಿಸಿ ಕಟೌಟು ಇಲ್ಲದ ಹಾಗೆ ಮಾಡುವುದು. ಓವನ್ ಖಂಡಿತ ನಡೆಯುತ್ತಿತ್ತು. ಆದರೆ ಸುತ್ತ ಇರುವುದು ಪ್ಲೈವುಡ್ ಕಪಾಟು, ಹಿಂದೆ ಗ್ಯಾಸಿನ ಪೈಪು. ಕಟೌಟು ಬೊಗಳುವ ನಾಯಿ. ನಾಯಿ ಬೊಗಳಿತು ಅಂತ ಅದರ ಬಾಯಿ ಕಟ್ಟಿದರೆ ಕಳ್ಳ ಹೋಗುತ್ತಾನಾ? ಮೇಲೆ ಯಾಕೆ ಅಷ್ಟು ಬಿಸಿಯಾಗುತ್ತಿದೆ ಅಂತ ನೋಡಬೇಕು, ಅಲ್ವಾ.

ಮೇಲೆ ಬಿಸಿಯಾಗುವುದು ಅಂದರೆ ಮೇಲಿನ ಫ್ಯಾನು. ಆದರೆ ಫ್ಯಾನಿನ ಸದ್ದು ಕೇಳುತ್ತಿದೆಯಲ್ಲ! ಇಲ್ಲೇ ಎರಡು ಫ್ಯಾನು ಇರುವುದು ನನ್ನನ್ನು ಯಾಮಾರಿಸಿದ್ದು. ಕೇಳುತ್ತಿದ್ದದ್ದು ಒಳಗಿನದರ ಸದ್ದು. ಮೇಲಿನದು ಗುಂಯ್ ಅನ್ನುತ್ತಿತ್ತು ಅಷ್ಟೇ. ಗುಂಯ್ ಅನ್ನುವುದಕ್ಕೂ ತಿರುಗುವುದಕ್ಕೂ ವ್ಯತ್ಯಾಸ ಕಿವಿಗೆ ಗೊತ್ತಾಗಲಿಲ್ಲ.

ಬಾಗಿಲಿನ ಮೇಲಿನ ಸೀಳಿಗೆ ಕೈ ಹಿಡಿದರೆ ಬಿಸಿ ತಾಗುತ್ತದೆ, ಗಾಳಿಯೋ ಬರೀ ಕಾವೋ ಗೊತ್ತಾಗುವುದಿಲ್ಲ. ದೇವರ ಕೋಣೆಯಿಂದ ಒಂದು ಊದುಬತ್ತಿ ತಂದೆ. ಮರುದಿನ ಸಂಜೆ ಓವನ್ ಹಾಕಿ, ಸೀಳಿನ ಮುಂದೆ ಒಂದು ಗೇಣು ದೂರದಲ್ಲಿ ಬಟಾಟೆಗೆ ಊದುಬತ್ತಿ ಚುಚ್ಚಿ ನಿಲ್ಲಿಸಿದೆ. ಸೀಲಿಂಗ್ ಫ್ಯಾನು ಆಫ್. ಹೊಗೆ ನನ್ನ ಕಡೆಗೆ ಬಾಗಿ, ಚೂರು ಚೂರಾಗಿ ಹಾರಿಹೋಗುತ್ತಿತ್ತು. ಅಂದರೆ ಫ್ಯಾನು ತಿರುಗುತ್ತಿದೆ. ಹದಿನೈದು ನಿಮಿಷ ಹಾಗೇ ಇತ್ತು. ಅಮ್ಮ ಬಂದು ನೋಡಿ, "ಎಂತ, ಓವನ್ನಿಗೆ ಪೂಜೆಯಾ?" ಅಂತ ಕೇಳಿ ಹೋದರು.

ಆಗ ಕೆಳಗಿನ ತೋಟದಲ್ಲಿ ಪಂಪು ಹಾಕಿದರು. ಅಡುಗೆಮನೆಯ ಲೈಟು ಒಂದು ಕ್ಷಣ ಮಂಕಾಯಿತು, ಮತ್ತೆ ಸರಿಯಾಯಿತು. ಊದುಬತ್ತಿಯ ಹೊಗೆ ಬಾಗಿದ್ದು ನಿಧಾನಕ್ಕೆ ಎದ್ದು ನೆಟ್ಟಗಾಯಿತು. ದಾರದ ಹಾಗೆ ಸೀದಾ ಮೇಲಕ್ಕೆ. ಮತ್ತೆ ಬಾಗಲಿಲ್ಲ. ಎಂಟು ನಿಮಿಷ ಕಳೆದು ಹಳದಿ ದೀಪ ಆರಿತು.

ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಇಷ್ಟು ಚೆಂದದ ಪ್ರಯೋಗ ನನ್ನ ಲ್ಯಾಬಿನಲ್ಲಿ ಒಂದೂ ಆಗಿಲ್ಲ.

ಪಂಪು ಶುರುವಾಗುವಾಗ ಒಮ್ಮೆಗೇ ಜಾಸ್ತಿ ಕರೆಂಟು ಎಳೆಯುತ್ತದೆ, ಲೈನಿನಲ್ಲಿ ವೋಲ್ಟೇಜು ಕುಸಿಯುತ್ತದೆ. ಫ್ಯಾನಿನ ಮೋಟರಿನ ತಿರುಚುವ ಬಲವೂ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಇಳಿಯುತ್ತದೆ. ಈ ಫ್ಯಾನುಗಳಲ್ಲಿರುವುದು ಕೆಪಾಸಿಟರ್ ಇಲ್ಲದ, ತಾಮ್ರದ ಉಂಗುರ ಹಾಕಿದ ಬಡಪಾಯಿ ಮೋಟರು. ತಿರುಗುತ್ತಿದ್ದರೆ ತಿರುಗುತ್ತದೆ. ಒಮ್ಮೆ ನಿಂತರೆ ಮತ್ತೆ ಹೊರಡುವ ತಾಕತ್ತು ತೀರಾ ಕಡಿಮೆ. ಆದರೆ ಒಳ್ಳೆ ಸ್ಥಿತಿಯಲ್ಲಿದ್ದರೆ ಒಂದು ಕ್ಷಣದ ಕುಸಿತಕ್ಕೆ ನಿಲ್ಲಬಾರದು. ಅದರ ಕಾಲಿಗೆ ಬೇರೆ ಏನೋ ತೊಡಕು ಇರಲೇಬೇಕು.

ಪ್ಲಗ್ ಕಿತ್ತು, ಕೈಗವಸು ಹಾಕಿ ಬಿಸಿ ಇರುವಾಗಲೇ ಹೊರಗೆಳೆದೆ. ಮೋಟರಿನ ಒಂದು ವಯರು ಕಳಚಿ ಅದರೊಳಗಿನ ತಾಮ್ರದ ಕಾಯಿಲಿನ ಓಮ್ ನೋಡಿದೆ. 141. ರಾತ್ರಿ ಇಡೀ ತಣಿದ ಮೇಲೆ, ಕೋಣೆ 32 ಡಿಗ್ರಿ ಇರುವಾಗ, ಮತ್ತೆ ನೋಡಿದೆ. 118. ತಾಮ್ರದ ತಡೆ ಒಂದೊಂದು ಡಿಗ್ರಿಗೆ ನೂರಕ್ಕೆ ಸುಮಾರು 0.39ರಷ್ಟು ಏರುತ್ತದೆ. ಲೆಕ್ಕ ಹಾಕಿದರೆ ಅಳೆಯುವಾಗ ಕಾಯಿಲ್ 84 ಡಿಗ್ರಿಯ ಹತ್ತಿರ ಇತ್ತು. ಥರ್ಮಾಮೀಟರ್ ತೂರಿಸಲಾಗದ ಜಾಗದ ಬಿಸಿಯನ್ನು ಹೀಗೆ ಓಮಿನಿಂದ ತಿಳಿಯಬಹುದು. ಲೇಬಲಿನಲ್ಲಿ ಕ್ಲಾಸ್ ಎಚ್ ಅಂತ ಇತ್ತು, ಅಂದರೆ 180 ಡಿಗ್ರಿ ತನಕ ತಾಳುವ ಇನ್ಸುಲೇಷನ್. ಕಾಯಿಲ್ ಸುಟ್ಟಿಲ್ಲ. ಆದರೂ ವೈಂಡಿಂಗ್ ಅಂಗಡಿಗೆ ಒಯ್ದು 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರು) ಹಾಕಿಸಿದೆ. ಅಲ್ಲಿಯವನು ಮೀಟರ್ ನೋಡಿ, ಬೆರಳಿನಿಂದ ಶಾಫ್ಟು ತಿರುಗಿಸಿ, "ಕೋಯಿಲಿನ್ ಒನ್ನುಮಾಯಿಟ್ಟಿಲ್ಲ ಮಾಷೆ" ಅಂತ ಮಲಯಾಳದಲ್ಲಿ ಅಂದ. ಕಾಯಿಲಿಗೆ ಏನೂ ಆಗಿಲ್ಲ. ಆಮೇಲೆ ಕನ್ನಡದಲ್ಲೇ ಮುಂದುವರಿಸಿದ. "ಬುಷ್ಷು ನೋಡಿ. ಇದು ತಿರುಗುವುದಲ್ಲ, ತೆವಳುವುದು."

ಹೌದು. ಒಳ್ಳೆಯ ಫ್ಯಾನಿಗೆ ಬೆರಳಿನಿಂದ ಒಂದು ತಟ್ಟು ಕೊಟ್ಟರೆ ನಾಲ್ಕಾರು ಸುತ್ತು ತಾನೇ ತಿರುಗಿ ನಿಲ್ಲಬೇಕು. ಇದು ಅರ್ಧ ಸುತ್ತಿಗೆ ನಿಂತಿತು. ಈ ಪರೀಕ್ಷೆಗೆ ಮೀಟರೂ ಬೇಡ, ಊದುಬತ್ತಿಯೂ ಬೇಡ. ಮೊದಲ ದಿನವೇ ಮಾಡಬಹುದಿತ್ತು.

ಮನೆಗೆ ತಂದು ಪೇಪರ್ ಹಾಸಿ ಬಿಚ್ಚಿದೆ. ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋನಿನಲ್ಲಿ ಫೋಟೋ ತೆಗೆದೆ. ಇದು ಆಮೇಲೆ ನನ್ನ ಮಾನ ಉಳಿಸಿತು. ಬ್ಲೋವರ್ ಅಂದರೆ ಉದ್ದನೆಯ ತಗಡಿನ ಉರುಳೆ, ಮೈತುಂಬಾ ಅಡ್ಡ ರೆಕ್ಕೆಗಳು, ಒಂದು ತುದಿಗೆ ಮೋಟರು. ರೆಕ್ಕೆಗಳ ಒಳಗೆ ಮೈದಾ ಮತ್ತು ಜಿಡ್ಡು ಸೇರಿ ಬೂದು ಬಣ್ಣದ ಹತ್ತಿ ಹಾಗೆ ಕೂತಿತ್ತು. ಓವನ್ನಿನ ಹಿಂದಿನ ತಗಡಿನಲ್ಲಿ ಗಾಳಿ ಒಳಗೆ ಬರುವ ಸೀಳುಗಳಿವೆ. ಅದರಲ್ಲಿ ಮೂರನ್ನು ಕುಂಬಾರ ಹುಳ ಮಣ್ಣಿನಿಂದ ಮುಚ್ಚಿ ಗೂಡು ಕಟ್ಟಿತ್ತು. ಸ್ಕ್ರೂಡ್ರೈವರಿನಿಂದ ಕೆದಕಿದರೆ ಮಣ್ಣಿನ ಕೋಣೆಯೊಳಗೆ ಒಣಗಿದ ಜೇಡಗಳು ಒಂದರ ಮೇಲೆ ಒಂದು, ಡಬ್ಬಿಯಲ್ಲಿ ತುಂಬಿಟ್ಟ ಹಾಗೆ. ಮರಿಗೆ ಅಂತ ಕೂಡಿಟ್ಟದ್ದು. ನಮ್ಮ ಮಕ್ಕಳಿಬ್ಬರೂ ರಿಪೇರಿಯ ಇಡೀ ಕತೆಯಲ್ಲಿ ನೆನಪಿಟ್ಟುಕೊಂಡದ್ದು ಇದೊಂದನ್ನೇ.

ಮೋಟರಿನ ಎರಡು ಉದ್ದ ಸ್ಕ್ರೂ ತೆಗೆದರೆ ಎರಡು ಬದಿಯ ಪಟ್ಟಿ ಬೇರೆಯಾಗುತ್ತವೆ. ಪ್ರತಿ ಪಟ್ಟಿಯಲ್ಲೂ ಗೋಲಿಯಂಥ ಒಂದು ಬುಷ್, ಶಾಫ್ಟು ಕೂತು ತಿರುಗುವುದು ಅದರೊಳಗೆ. ಕಂಚಿನ ಪುಡಿಯನ್ನು ಒತ್ತಿ ಕಾಸಿ ಮಾಡಿದ್ದು. ಕಣ್ಣಿಗೆ ಗಟ್ಟಿ ಲೋಹ, ನಿಜದಲ್ಲಿ ಸ್ಪಂಜಿನ ಹಾಗೆ ತೂತು ತೂತು. ಅದರ ಗಾತ್ರದ ಐದನೇ ಒಂದು ಪಾಲು ಎಣ್ಣೆಯೇ ಇರುತ್ತದೆ. ಶಾಫ್ಟು ತಿರುಗಿ ಬಿಸಿಯಾದಾಗ ಎಣ್ಣೆ ಹೊರಗೆ ಬರುತ್ತದೆ, ನಿಂತಾಗ ಒಳಗೆ ಹೀರಿಕೊಳ್ಳುತ್ತದೆ. ಸುತ್ತ ಎಣ್ಣೆ ಕುಡಿದ ಕಂಬಳಿ ಚೂರು.

ಕಂಬಳಿ ಚೂರು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಶಾಫ್ಟಿನ ಮೇಲೆ ಕಂದು ಮೆರುಗು, ಉಗುರಿನಿಂದ ಕೆರೆದರೆ ಮೇಣದ ಹಾಗೆ ಸುರುಳಿ ಏಳುತ್ತದೆ. ಮೂಗಿನ ಹತ್ತಿರ ಹಿಡಿದೆ. ಕಮಟು. ಹಳೆಯ ತೆಂಗಿನೆಣ್ಣೆಯ ಕಮಟು. ಈ ಕಡೆ ಹುಟ್ಟಿದವರಿಗೆ ಆ ವಾಸನೆಯ ಗುರುತು ಯಾರೂ ಹೇಳಿಕೊಡಬೇಕಿಲ್ಲ.

ಮೋಟರಿನೊಳಗೆ ತೆಂಗಿನೆಣ್ಣೆ ಹೇಗೆ ಬಂತು ಅಂತ ನಾನು ಆಶ್ಚರ್ಯಪಟ್ಟೆ. ಅಮ್ಮ ಬಾಳೆಕಾಯಿ ಹೆಚ್ಚುತ್ತಾ ಅಲ್ಲಿಂದಲೇ ಹೇಳಿದರು. "ಎರಡು ವರ್ಷದ ಹಿಂದೆ ಕಿರಿಕಿರಿ ಅನ್ನುತ್ತದೆ ಅಂತ ಕುಪ್ಪಿ ಹಿಡಿದುಕೊಂಡು ಬಂದದ್ದು ನೀನೇ ಅಲ್ವಾ?"

ನಾನೇ. ಆ ಮಳೆಗಾಲದಲ್ಲಿ ಓವನ್ ಹಾಕಿದರೆ ಇಎಲ್‌ಸಿಬಿ (ಕರೆಂಟು ಸೋರಿದರೆ ಕಡಿಯುವ ಸ್ವಿಚ್ಚು) ಬೀಳುತ್ತಿತ್ತು. ತುಂಬಾ ದಿನ ಉಪಯೋಗಿಸದೆ ಇದ್ದರೆ ಬಿಸಿ ಮಾಡುವ ಕಾಯಿಲಿನ ಒಳಗಿನ ಬಿಳಿ ಪುಡಿ, ಮೆಗ್ನೀಷಿಯಂ ಆಕ್ಸೈಡ್, ತೇವ ಹೀರಿಕೊಂಡು ಸೋರಿಕೆ ಮಾಡುತ್ತದೆ. ನಮ್ಮ ಮಳೆಗೆ ಕೇಳಬೇಕಾ? ಅದನ್ನು ನೋಡಲಿಕ್ಕೆ ಮುಚ್ಚಳ ತೆಗೆದಿದ್ದಾಗ ಫ್ಯಾನು ಕಿರುಗುಟ್ಟಿತ್ತು. ಕೈಗೆ ಸಿಕ್ಕಿದ್ದು ಒಗ್ಗರಣೆಯ ಎಣ್ಣೆ. ಎರಡು ಹನಿ ಬಿಟ್ಟೆ, ಸದ್ದು ನಿಂತಿತು, ಮರೆತೂಬಿಟ್ಟೆ.

ತೆಂಗಿನೆಣ್ಣೆಯ ಮರ್ಯಾದೆಗೆ ಒಂದು ಮಾತು ಹೇಳಬೇಕು. ಅಡುಗೆ ಎಣ್ಣೆಗಳಲ್ಲಿ ಬೇಗ ಅಂಟಾಗದೆ ಉಳಿಯುವುದು ಅದೇ. ಬೀಗಕ್ಕೆ, ಬಾಗಿಲಿನ ತಿರುಗಣೆಗೆ ಹಾಕಿದರೆ ನಡೆಯುತ್ತದೆ. ಆದರೆ ದಿನವೂ ಎಂಬತ್ತು ತೊಂಬತ್ತು ಡಿಗ್ರಿ ಕಾವು, ಮೇಲಿಂದ ಮೈದಾ ಧೂಳು, ಎರಡು ವರ್ಷ. ಯಾವ ಅಡುಗೆ ಎಣ್ಣೆಯೂ ಇದಕ್ಕೆ ಬಾಳುವುದಿಲ್ಲ. ಬುಷ್ಷಿನ ತೂತುಗಳಲ್ಲಿದ್ದ ಮೂಲ ಎಣ್ಣೆಗೂ ದಾರಿ ಮುಚ್ಚಿಹೋಯಿತು. ತಣ್ಣಗಿರುವಾಗ ಉಳಿದ ಚೂರು ಎಣ್ಣೆಯ ಮೇಲೆ ಶಾಫ್ಟು ಹೇಗೋ ಜಾರುತ್ತಿತ್ತು. ಬಿಸಿಯಾದಾಗ ಅದೂ ನೀರಾಗಿ ಜಾರಿಹೋಗಿ ಲೋಹ ಲೋಹಕ್ಕೆ ಉಜ್ಜುತ್ತಿತ್ತು. ಕಾವಿಗೆ ಮೋಟರಿನ ಕಾಯಿಲಿನ ತಡೆ ಏರಿ ಬಲ ಇನ್ನಷ್ಟು ಕಡಿಮೆ. ಮೇಲಿಂದ ಸಂಜೆಯ 203 ವೋಲ್ಟ್. ಅದರ ಮೇಲೆ ಪಂಪು. ಬೆಳಿಗ್ಗೆ ನೆಲದ ಮೇಲೆ ಮುಚ್ಚಳ ತೆಗೆದು ಓಡಿಸಿದಾಗ ಇದರಲ್ಲಿ ಒಂದೂ ಇರಲಿಲ್ಲ.

ಶುಚಿ ಮಾಡುವುದು. ಕಂಬಳಿ ಚೂರು ಎಸೆದೆ. ಬುಷ್ಷುಗಳನ್ನು ಪಟ್ಟಿಯಿಂದ ಬಿಡಿಸಿ ಪೈಂಟಿನ ತಿನ್ನರಿನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟೆ, ಮನೆಯ ಹೊರಗೆ, ಒಲೆಯಿಂದ ದೂರ. ಬೆಳಿಗ್ಗೆ ತಿನ್ನರು ಕಡು ಚಾದ ಬಣ್ಣಕ್ಕೆ ಬಂದಿತ್ತು. ಎರಡು ಸಲ ಬದಲಾಯಿಸಿದೆ. ಶಾಫ್ಟಿನ ಮೆರುಗನ್ನು ತಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ತೆಗೆದೆ. ಉಗುರು ಆಡಿಸಿದರೆ ಗೀರು ತಾಗಲಿಲ್ಲ. ತಾಗಿದ್ದರೆ ಹೊಸ ಮೋಟರೇ ಬೇಕಿತ್ತು. ಪೇಟೆಯಲ್ಲಿ ಒಬ್ಬರು ಅಳತೆಗೆ ಸರಿಯಾದ ಒಂದು ಮೋಟರು ತೋರಿಸಿದ್ದರು, ಐಸ್‌ಕ್ರೀಂ ಪೆಟ್ಟಿಗೆಯದ್ದು. ಅದರ ಮೇಲೆ ಕ್ಲಾಸ್ ಬಿ ಅಂತ ಇತ್ತು, 130 ಡಿಗ್ರಿಯದ್ದು. ಕಟೌಟು ಬೀಳುವುದೇ 125ಕ್ಕೆ. ಬೇಡ ಅಂತ ಬಂದೆ.

ತೊಳೆದ ಬುಷ್ಷು ಈಗ ಒಣಗಿದ ಸ್ಪಂಜು. ಮೇಲಿಂದ ಹನಿ ಬಿಟ್ಟರೆ ತೂತಿನೊಳಗೆ ಹೋಗುವುದಿಲ್ಲ, ಅಲ್ಲಿ ಗಾಳಿ ಕೂತಿರುತ್ತದೆ. ಮೆಡಿಕಲ್ಲಿನಿಂದ 20 ಎಂಎಲ್ ಸಿರಿಂಜ್ ತಂದೆ. ಬುಷ್ಷನ್ನು ಅದರೊಳಗೆ ಹಾಕಿ, ಮುಳುಗುವಷ್ಟು ಎಣ್ಣೆ ತುಂಬಿ, ಮೂತಿಯನ್ನು ಬೆರಳಿನಿಂದ ಒತ್ತಿ ಹಿಡಿದು ಹಿಂದಿನ ದಂಡವನ್ನು ಎಳೆದೆ. ಬುಷ್ಷಿನ ಮೈಯಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸರಸರ ಏಳತೊಡಗಿದವು, ಸೋಡಾ ಗ್ಲಾಸಿನ ಹಾಗೆ. ಬಿಟ್ಟರೆ ಎಣ್ಣೆ ಒಳಗೆ ನುಗ್ಗುತ್ತದೆ. ಹದಿನೈದು ಇಪ್ಪತ್ತು ಸಲ ಎಳೆದು ಬಿಟ್ಟ ಮೇಲೆ ಗುಳ್ಳೆ ನಿಂತಿತು. ಎಣ್ಣೆ ವೈಂಡಿಂಗ್ ಅಂಗಡಿಯವನೇ ಕೊಟ್ಟದ್ದು, 68ರ ದಪ್ಪದ ಟರ್ಬೈನ್ ಆಯಿಲ್. ಹೊಲಿಗೆ ಮಿಷನಿನ ಎಣ್ಣೆ ಈ ಕಾವಿಗೆ ತೀರಾ ತೆಳು. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವವರಿದ್ದಾರೆ. ಅದು ಎರಡು ದಿನ ಚೆನ್ನಾಗಿ ತಿರುಗಿಸುತ್ತದೆ, ಉಳಿದ ಎಣ್ಣೆಯನ್ನೂ ತೊಳೆದುಬಿಡುತ್ತದೆ. ಹಳೆಯ ಉಣ್ಣೆಯ ಟೊಪ್ಪಿಯಿಂದ ಹೊಸ ಕಂಬಳಿ ಚೂರು ಕತ್ತರಿಸಿ, ಅದನ್ನೂ ಎಣ್ಣೆಯಲ್ಲಿ ನೆನೆಸಿ ಕೂರಿಸಿದೆ.

ಜೋಡಿಸಿದೆ. ಬೆರಳಿನಿಂದ ತಟ್ಟಿದರೆ ಏಳೆಂಟು ಸುತ್ತು ಸದ್ದಿಲ್ಲದೆ ತಿರುಗಿತು. ಓವನ್ನಿಗೆ ಕೂರಿಸಿ ಹಾಕಿದೆ. ಭರ್ರನೆ ಹೊರಟಿತು. ಊದುಬತ್ತಿ ಹಿಡಿದೆ.

ಹೊಗೆ ನೆಟ್ಟಗೇ ಇತ್ತು.

ಫ್ಯಾನು ತಿರುಗುವುದು ಕಣ್ಣಿಗೇ ಕಾಣುತ್ತಿದೆ, ಗಾಳಿ ಮಾತ್ರ ಇಲ್ಲ. ಐದು ನಿಮಿಷ ಮಂಕು ಬಡಿದು ಕೂತೆ. ಆಮೇಲೆ ಫೋನಿನ ಫೋಟೋ ತೆಗೆದು ಪಕ್ಕದಲ್ಲಿ ಹಿಡಿದು ನೋಡಿದೆ. ಮೋಟರಿನ ಕಬ್ಬಿಣದ ಕಂಬಗಳ ಒಂದೊಂದು ಮೂಲೆಗೆ ದಪ್ಪ ತಾಮ್ರದ ಉಂಗುರ ಸುತ್ತಿದೆ. ಫೋಟೋದಲ್ಲಿ ಮೇಲಿನ ಉಂಗುರ ಎಡಕ್ಕೆ, ನನ್ನ ಜೋಡಣೆಯಲ್ಲಿ ಬಲಕ್ಕೆ. ಕಬ್ಬಿಣದ ಗಟ್ಟಿಯನ್ನು ಮಗುಚಿ ಕೂರಿಸಿದ್ದೆ. ಎರಡೂ ಕಡೆಯಿಂದ ಸ್ಕ್ರೂ ಸರಿಯಾಗಿಯೇ ಕೂರುತ್ತದೆ, ತಡೆಯುವವರು ಯಾರೂ ಇಲ್ಲ. ಉಂಗುರ ಇರುವ ಮೂಲೆಯಲ್ಲಿ ಕಾಂತದ ಬಲ ಸ್ವಲ್ಪ ತಡವಾಗಿ ಏರುತ್ತದೆ. ಹಾಗಾಗಿ ಕಾಂತದ ಬಲವು ಉಂಗುರ ಇಲ್ಲದ ಕಡೆಯಿಂದ ಇರುವ ಕಡೆಗೆ ಸರಿದ ಹಾಗೆ ಆಗುತ್ತದೆ. ಒಳಗಿನ ಉರುಳೆ ಅದರ ಹಿಂದೆ ಓಡುತ್ತದೆ. ಉಂಗುರದ ಬದಿ ಬದಲಾದರೆ ತಿರುಗುವ ದಿಕ್ಕೂ ಬದಲು. ವಯರನ್ನು ಅದಲುಬದಲು ಮಾಡಿದರೆ ಇದು ಬದಲಾಗುವುದಿಲ್ಲ, ಗಟ್ಟಿಯನ್ನೇ ಮಗುಚಬೇಕು. ಈ ಬಗೆಯ ಬ್ಲೋವರಿನ ರೆಕ್ಕೆ ಒಂದು ಬದಿಗೆ ಬಾಗಿರುತ್ತದೆ, ಹಿಂದುಮುಂದಾಗಿ ತಿರುಗಿದರೆ ಗಾಳಿ ಕಲಕುತ್ತದೆ, ಸಾಗುವುದಿಲ್ಲ. ಮತ್ತೆ ಬಿಚ್ಚಿ, ಮಗುಚಿ, ಜೋಡಿಸಿದೆ. ಹೊಗೆ ಬಾಗಿತು.

ಕಪಾಟಿಗೂ ಒಂದು ಕೆಲಸ ಇತ್ತು. ಮರದ ಕೆಲಸದವರು ಚೆಂದಕ್ಕೆ ಅಂತ ಹಿಂಬದಿಗೆ ಪೂರ್ತಿ ಪ್ಲೈ ಬಡಿದಿದ್ದರು. ಹೋಲ್ ಸಾ ಹಾಕಿ ಕೆಳಗೆ ಮೂರು, ಮೇಲೆ ಮೂರು ತೂತು ಕೊರೆದು, ಹುಳ ಬಾರದ ಹಾಗೆ ಸೊಳ್ಳೆಯ ಜಾಲರಿ ಬಡಿದೆ.

ಕೊನೆಯ ಪರೀಕ್ಷೆಯ ಹಾಳೆಯಲ್ಲಿ ಹೀಗಿದೆ. ಸಂಜೆ 6.15. ಕಪಾಟಿನೊಳಗೆ. ಮುಚ್ಚಳ ಹಾಕಿದೆ. 200 ಡಿಗ್ರಿ. ವೋಲ್ಟೇಜು 206. ಕಟೌಟಿಗೆ ಮೀಟರು. 6.40ಕ್ಕೆ ಕೆಳಗಿನ ತೋಟಕ್ಕೆ ಫೋನ್ ಮಾಡಿ ಪಂಪು ಹಾಕಿಸಿದೆ. ಲೈಟು ಮಂಕಾಯಿತು. ಹೊಗೆ ಸ್ವಲ್ಪ ಎದ್ದು ಮತ್ತೆ ಬಾಗಿತು. ಪಂಪು ನಿಲ್ಲಿಸಿ ಇನ್ನೊಮ್ಮೆ ಹಾಕಿಸಿದೆ, ಅವರು ಏನೂ ಕೇಳಲಿಲ್ಲ. 7.30ರ ತನಕ ಮೀಟರು ಸೊನ್ನೆ. ಮೇಲಿನ ಹಲಗೆಗೆ ಕೈ ಇಟ್ಟರೆ ಬೆಚ್ಚಗೆ, ಅಷ್ಟೇ.

ಖರ್ಚು: ಸಿರಿಂಜು, ತಿನ್ನರು, ಜಾಲರಿ ಸೇರಿ 240 ರೂಪಾಯಿ. ಎಣ್ಣೆಗೆ ದುಡ್ಡು ತೆಗೆದುಕೊಳ್ಳಲಿಲ್ಲ, ಒಂದು ಗೊನೆ ಬಾಳೆಹಣ್ಣು ಕೊಟ್ಟೆ. ಥರ್ಮೋಸ್ಟಾಟಿನ 1,150ನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ.

ಹಲಸಿನ ಹಣ್ಣಿನ ಕೇಕು ನಿನ್ನೆ ಸರಿಯಾಗಿ ಎದ್ದಿತು. ಆದರೆ ಮೇಲಿನ ಫ್ಯಾನಿನ ಗುಂಯ್ ನಿಂತ ಮೇಲೆ ಒಳಗಿನ ಫ್ಯಾನಿನ ಸಣ್ಣ ಕಿರುಗು ಕೇಳಿಸುತ್ತಿದೆ. ಅದು ಮೊದಲೂ ಇತ್ತೋ ಏನೋ. ಅದರ ರೆಕ್ಕೆಯ ನಟ್ಟಿಗೆ ಉಲ್ಟಾ ಮರೆ ಇದೆ, ಗಡಿಯಾರ ತಿರುಗುವ ದಿಕ್ಕಿಗೆ ತಿರುಗಿಸಿದರೆ ಮಾತ್ರ ಬಿಚ್ಚುತ್ತದೆ. ಗೊತ್ತಿಲ್ಲದೆ ಬಲ ಹಾಕಿದರೆ ಶಾಫ್ಟೇ ತುಂಡು. ಶಾಲೆ ಶುರುವಾಗುವ ಮೊದಲು ಅದಕ್ಕೆ ಕೈ ಹಾಕಬೇಕು. ಟರ್ಬೈನ್ ಆಯಿಲ್ ಅರ್ಧ ಕುಪ್ಪಿ ಉಳಿದಿದೆ, ಅಡುಗೆಮನೆಯಲ್ಲಿ ಇಡಬೇಡ ಅಂತ ಅಮ್ಮ ಹೇಳಿದ್ದಾರೆ.